ಕುದುರೆ ನಿಂತ ಬಾಗಿಲು

...ಬಾಯಿ ತೆಗಿಯೋ ಮಾರಾಯ, ಸೂಪು ತಣ್ಣಗಾಗ್ತಾ ಇದೆ! ಎರಡೇ ಎರಡು ಚಮಚ. ನಿನಗೆ ಇಷ್ಟ ಅಂತ ಕೋಳಿ ಸೂಪಿಗೆ ಅಗಲ ಶಾವಿಗೆ ಹಾಕಿದ್ದೀನಿ... ಬೇಡ್ವಾ? ಯಾಕೋ ಆರಿನ್? ಈಗ ತಾನೇ ಚೆನ್ನಾಗಿದ್ದೆಯಲ್ಲ! ನಾನು ಪುಸ್ತಕ ಓದ್ತಾ ಇದ್ರೆ ಕಾಲ್ಬೆರಳು ಕುಣಿಸ್ತಾ ಕೇಳ್ತಿದ್ದೆ, ನಾನು ನೋಡಲಿಲ್ಲ ಅಂದ್ಕೊಂಡ್ಯಾ? ಇದ್ದಕ್ಕಿದ್ದ ಹಾಗೆ ಕೈ ಎಳ್ಕೊಂಡು ಗೋಡೆ ಕಡೆ ತಿರುಗಿಬಿಟ್ರೆ ನಾನೇನು ತಿಳ್ಕೋಬೇಕು?

ಕೊಡು ಇಲ್ಲಿ ಆ ಕೈನ. ಹಾಳು ಲಕ್ವ ನಿನ್ನ ಮಾತೂ ತಗೊಂಡು ಹೋಯ್ತು, ಕಣ್ಣೂ ತಗೊಂಡು ಹೋಯ್ತು, ಏನೋ ಪಾಪ ಅಂತ ಮಾತಾಡೋಕೆ ಈ ಎಡಗೈಯೊಂದನ್ನ ನನ್ನ ಪಾಲಿಗೆ ಬಿಟ್ಟು ಹೋಯ್ತು. ಒಂದು ಸಲ ಅಮುಕಿದ್ರೆ ಹೌದು, ಎರಡು ಸಲ ಅಮುಕಿದ್ರೆ ಅಲ್ಲ. ಇಷ್ಟರಲ್ಲೇ ಮೂರು ವರ್ಷ ಸಂಸಾರ ಮಾಡಿದ್ದೀವಿ. ಬಾಯಿ ಇದ್ದಾಗ ಆಡಿದ ಜಗಳಕ್ಕಿಂತ ಇದೇ ವಾಸಿ, ಅಲ್ವೇನೋ ಮುದುಕಾ?

...ಒಂದೂ ಇಲ್ಲ, ಎರಡೂ ಇಲ್ಲ. ಸರಿ ಬಿಡು.

ಆ ಪುಟಕ್ಕೇ ತಾನೆ ಈ ಸಿಟ್ಟು? ನಿನ್ನ ಕುದುರೆ ಬಿಸ್ಕಿಟ್‌ಗೆ ಗುಂಡು ಬಿದ್ದ ಪುಟಕ್ಕೆ? ಅಯ್ಯೋ, ಅದು ಅಚ್ಚು ಹಾಕೋರ ಎಡವಟ್ಟು ಇರಬೇಕು ಕಣೋ! ಬೇರೆ ಯಾವುದೋ ಕುದುರೆ ಹೆಸರು ಇರಬೇಕಾದ ಕಡೆ... ಅಥವಾ ನಾನೇ ತಪ್ಪು ಓದಿರ್ತೀನಿ. ಈ ಕನ್ನಡಕ ನೋಡು, ಒಂದು ಕಾಲು ದಾರ ಕಟ್ಟಿ ನಿಲ್ಲಿಸಿದ್ದೀನಿ. ಬೆಳಗ್ಗೆಯಿಂದ ಸಾಲು ಸಾಲಿಗೂ ಎಡವ್ತಾ ಇದ್ದೀನಿ, ಕೇಳಿಸ್ಕೊಂಡೆಯಲ್ಲ?

ಏನದು, ಉಸಿರು ಬಿಟ್ಯಾ? ನಿಟ್ಟುಸಿರಾ? ನಗುನಾ?

ನಕ್ಕರೆ ಒಳ್ಳೇದೇ. ನಿನ್ನ ನಗಿಸೋದು ನನಗೆ ಹೊಸದಲ್ಲ. ಷೈಯೆನ್ ಊರಿನ ಮೆರವಣಿಗೆ ನೆನಪಿದೆಯಾ? 'ಹೆಸರಾಂತ ಕೌಬಾಯ್ ಕಾದಂಬರಿಕಾರ ವೆಸ್ ಡಿಲ್ಲರ್ಡ್ ಅವರು ಕುದುರೆ ಏರಿ ಬರ್ತಾರೆ' ಅಂತ ಊರೆಲ್ಲ ಡಂಗುರ ಹೊಡೆಸಿದ್ರು. ಪುಸ್ತಕದ ಮೇಲೆ ಹಾಕೋ ವೆಸ್ ಡಿಲ್ಲರ್ಡ್ ಅನ್ನೋ ಹೆಸರು ನಿಂದೇ ಅಂತ ಗೊತ್ತಿತ್ತು ಅವರಿಗೆ, ನಿನಗೆ ಕುದುರೆ ಹತ್ತೋಕೆ ಬರಲ್ಲ ಅಂತ ಎಲ್ಲಿ ಗೊತ್ತಿತ್ತು! ಒಮಾಹಾದ ಬೀದೀಲಿ ಹಾಲಿನ ಗಾಡಿ ಹೊಡೀತಿದ್ದ ಹುಡುಗ ನೀನು, ಜೀನಿನ ಮೇಲೆ ಯಾವತ್ತು ಕೂತಿದ್ದೆ? ದೊಡ್ಡ ಟೋಪಿ ಇಟ್ಕೊಂಡು, ಬೆವರ್ತಾ, ಲಗಾಮು ಹಿಡ್ಕೊಂಡು ಊರುದ್ದಕ್ಕೂ ಕುದುರೆ ಪಕ್ಕದಲ್ಲಿ ನಡೆದೇ ಬಂದೆ. ಜನ ಏನಂದ್ರು? 'ಆಹಾ, ಎಂಥಾ ದೊಡ್ಡ ಮನುಷ್ಯ, ಎಂಥಾ ವಿನಯ!' ಅಂದ್ರು. ನಾನು ಹಿಂದೆ ನಿಂತು ಟೋಪೀಲಿ ಬಾಯಿ ಮುಚ್ಕೊಂಡು ನಕ್ಕಿದ್ದೆ.

...ಇದಕ್ಕೂ ನಗಲ್ವಾ?

ಕುದುರೆ ಅಂದ್ರೆ ನಿನಗೆ ಗೊತ್ತಿದ್ದದ್ದು ಒಂದೇ. ಆ ಹಾಲಿನ ಗಾಡಿ ಎಳೀತಿದ್ದ ಕಂದು ಬಣ್ಣದ ಮುದಿ ಬಿಸ್ಕಿಟ್. ಅದಕ್ಕೆ ಮನೆ ಮನೆ ಬಾಗಿಲೂ ಗೊತ್ತಿತ್ತು. ನೀನು ಬಾಟಲಿ ಹಿಡ್ಕೊಂಡು ಒಂದು ಮನೆಗೆ ಹೋಗಿ ಬರೋದ್ರೊಳಗೆ ತಾನೇ ನಡೆದು ಮುಂದಿನ ಬಾಗಿಲಲ್ಲಿ ನಿಂತಿರ್ತಿತ್ತು. ಅಷ್ಟೇ ಆಗಿದ್ರೆ ಪರವಾಗಿಲ್ಲ. ನಮ್ಮನೆ ಬಾಗಿಲಲ್ಲಿ ಯಾಕೆ ನಿಲ್ಲಬೇಕಿತ್ತು? ನಮ್ಮಪ್ಪ ಹಿತ್ತಿಲಲ್ಲಿ ಹಸು ಕಟ್ಟಿದ್ದ, ನಿಮ್ಮ ಡೈರಿಯಿಂದ ಒಂದು ತೊಟ್ಟು ಹಾಲು ತಗೊಂಡೋರಲ್ಲ ನಾವು! ಆದ್ರೂ ನಿಂತ್ಕೋತಿತ್ತು. ಚಾವಟಿ ಅಲ್ಲಾಡಿಸಿದ್ರೂ ಕದಲ್ತಿರಲಿಲ್ಲ. ನೀನು ದಿನಾ ಅಲ್ಲಿ ಗಾಡಿ ನಿಲ್ಲಿಸಿ ಕಿಟಕಿ ನೋಡ್ತಿದ್ದದ್ದನ್ನ ಪಾಪ ಅದು ಕಲ್ತುಬಿಟ್ಟಿತ್ತು. ನೀನಿನ್ನೂ ಬಾಯೇ ಬಿಟ್ಟಿರಲಿಲ್ಲ, ಬೀದಿಗೆಲ್ಲ ಸುದ್ದಿ ಆಗಿತ್ತು. ನಮ್ಮಮ್ಮ ಅಂತೂ, 'ಆ ಕುದುರೇನ ಒಳಗೆ ಕರೆದು ಕಾಫಿ ಕೊಡೇ, ಅದಕ್ಕಿರೋ ಧೈರ್ಯ ಆ ಹುಡುಗನಿಗಿಲ್ಲ' ಅಂತಿದ್ಲು.

ಆಮೇಲೆ ಡೈರಿಯೋರು ಮೋಟಾರು ತಂದ್ರು. ಬಿಸ್ಕಿಟ್‌ನ, ಮುದಿ ಕುದುರೆ ಕೊಂದು ಗೋಂದು ಮಾಡೋರಿಗೆ ಮಾರಿದ್ರು. ಆವತ್ತು ನೀನು ನಮ್ಮ ಮೆಟ್ಟಿಲ ಮೇಲೆ ಕೂತು ಅತ್ತದ್ದು... ಬೇಡ ಬಿಡು. ಆ ವಾರವೇ ನಮ್ಮಮ್ಮನ ಇಸ್ತ್ರಿ ಮಣೆ ಮೇಲೆ ಹಳೇ ಟೈಪ್‌ರೈಟರ್ ಇಟ್ಟು ಕಥೆ ಶುರು ಮಾಡಿದೆ. ಷೆರಿಫ್ ಕಾರ್ಮೊಡಿ, ಅವನ ಕೆಳಗೆ ಕಂದು ಕುದುರೆ ಬಿಸ್ಕಿಟ್. ಅಬ್ಬಬ್ಬಾ, ಎಷ್ಟು ಜನರನ್ನ ಕೊಂದೆಯೋ ನೀನು! ಬ್ಯಾಂಕಿನೋರು, ದರೋಡೆಕೋರರು, ಒಬ್ಬ ಪಾದ್ರಿನೂ ಹೋದ. ಬಿಸ್ಕಿಟ್ ಮೈಮೇಲೆ ಮಾತ್ರ ಒಂದು ಗೀರು ಬೀಳೋಕೆ ಬಿಡಲಿಲ್ಲ. 'ಅದನ್ನ ಒಂದು ಸಲ ಕೊಂದಾಗಿದೆ, ಸಾಕು' ಅಂತಿದ್ದೆ. ಎಲ್ಲೆಲ್ಲಿಂದಲೋ ಮಕ್ಕಳು ಅದಕ್ಕೆ ಅಂತ ಸಕ್ಕರೆ ಗಡ್ಡೆ ಅಂಚೇಲಿ ಕಳಿಸ್ತಿದ್ರು. ಮನೆ ತುಂಬ ಇರುವೆ!

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು ನಾನು, ನನಗೆ ಸರಿಯಾಗಿ ಓದು ಬಂದಿದ್ದೇ ನಿನ್ನ ಪುಸ್ತಕದಿಂದ. ಸಂಜೆ ಆದ್ರೆ ಸಾಕು, ಆವತ್ತು ಬರೆದ ಹಾಳೆ ನನ್ನ ಕೈಗೆ ಕೊಟ್ಟು 'ಗಟ್ಟಿಯಾಗಿ ಓದು' ಅಂತಿದ್ದೆ. ನೀನು ಪೆನ್ಸಿಲ್ ಹಿಡ್ಕೊಂಡು ಎದುರಿಗೆ ಕೂರ್ತಿದ್ದೆ. ನಾನೆಲ್ಲಿ ತಡವರಿಸಿದೆನೋ ಅಲ್ಲಿ ಗೀಟು ಎಳೆದು ಬದಲಿಸಿಬಿಡ್ತಿದ್ದೆ. 'ನೀನು ಎಡವಿದ ಕಡೆ ಓದೋರೂ ಎಡವ್ತಾರೆ, ತಪ್ಪು ನಿಂದಲ್ಲ, ನಂದು' ಅಂತ. ಅದಕ್ಕೇ ನೋಡು, ಅಚ್ಚಾಗಿ ಬಂದ ನಿನ್ನ ಯಾವ ಪುಸ್ತಕದಲ್ಲೂ ನಾನು ಎಡವೋ ಹಾಗೆ...

...

ಇಲ್ಲ, ಏನಿಲ್ಲ. ಕೆಮ್ಮು ಬಂತು.

ಅದೂ... ಕನ್ನಡಕ ಅಂದೆನಲ್ಲ. ಅದಕ್ಕೇ ಎಡವಿದ್ದು.

ಯಾಕೆ ಹಾಗೆ ಮುಖ ಮಾಡ್ತೀಯ? ಸಿಟ್ಟಿನ ಮುಖ ಅಲ್ಲ ಅದು, ನನಗೆ ಗೊತ್ತಾಗುತ್ತೆ. ಸಿಟ್ಟಾದ್ರೂ ಮಾಡ್ಕೋ, ಈ ಸಮಾಧಾನದ ಮುಖ ಮಾತ್ರ ಬೇಡ ಕಣೋ...

ನೋಡು, ಇದು ನಿನ್ನದೇ ಪುಸ್ತಕ. ಹುಷಾರು ತಪ್ಪೋ ಮೊದಲೇ ಬರೆದು ಕಳಿಸಿದ್ದೆ, ನಿನಗೇ ಮರೆತಿದೆ. ಹೋದ ವರ್ಷದ್ದೂ ಹಾಗೇ, ಅದರ ಹಿಂದಿನ ವರ್ಷದ್ದೂ ಹಾಗೇ. ರಟ್ಟು ಮುಟ್ಟಿ ನೋಡು, ಉಬ್ಬಿದ ಅಕ್ಷರ. ವೆಸ್ ಡಿಲ್ಲರ್ಡ್. ಆಯ್ತಾ? ಪಕ್ಕದ ಮನೆ ವರ್ನನ್ ಮೊದಲನೇದನ್ನ ಔಷಧಿ ಅಂಗಡಿಯ ಪುಸ್ತಕದ ಕಪಾಟಲ್ಲಿ ನೋಡಿ ಓಡಿ ಬಂದಿದ್ದನಲ್ಲ, 'ಏ ಆರಿನ್, ಮಲಗಿದಲ್ಲಿಂದಲೇ ಹೊಸ ಪುಸ್ತಕ ಬಿಟ್ಟೆಯಲ್ಲೋ ಮುದಿ ಗೂಳಿ!' ಅಂತ ಕೂಗ್ತಾ. ಹಾಸಿಗೆ ಹಿಡಿದ ಮೇಲೆ ಆವತ್ತೇ ಮೊದಲು ನೀನು ನಕ್ಕಿದ್ದು. ಸೊಟ್ಟ ಬಾಯೀಲಿ, ಅರ್ಧ ಮುಖದಲ್ಲಿ... ಆ ನಗೂನ ನೋಡ್ತಾ ನಾನು ಬಾಗಿಲಲ್ಲಿ ನಿಂತಿದ್ದೆ. ನ್ಯೂಯಾರ್ಕಿನ ಪ್ರಕಾಶಕರ ಫೋನು ಬಂದು ಇನ್ನೂ...

ಯಾವ ಫೋನೂ ಇಲ್ಲ. ಏನೋ ಬಾಯಿತಪ್ಪಿ ಅಂದೆ.

ಆರಿನ್. ಒಂದು ಮಾತು ಕೇಳ್ತೀನಿ. ಈ ಪುಸ್ತಕ ನೀನು ಬರೆದದ್ದು ತಾನೆ? ಹೌದು ಅಂದ್ರೆ ಒಂದು, ಅಲ್ಲ ಅಂದ್ರೆ ಎರಡು. ಅಮುಕು.

ಅಮುಕೋ...

ಕೈ ಇಲ್ಲೇ ಇದೆ. ಬೆಚ್ಚಗಿದೆ. ನನ್ನ ಕೈನ ಬಿಟ್ಟೂ ಇಲ್ಲ ನೀನು, ಅಮುಕ್ತಾನೂ ಇಲ್ಲ.

ಒಂದು ಅಮುಕಿದ್ರೆ ನೀನು ಸುಳ್ಳು ಹೇಳಿದ ಹಾಗೆ. ಎರಡು ಅಮುಕಿದ್ರೆ ನಾನು ಸುಳ್ಳಿ ಅಂದ ಹಾಗೆ. ಅದಕ್ಕೇ... ಅದಕ್ಕೇ ಸುಮ್ಮನಿದ್ದೀಯ, ಅಲ್ವಾ?

ಅಯ್ಯೋ ದೇವರೇ. ಈ ಮೂರರಲ್ಲಿ ಮೊದಲನೇ ಪುಸ್ತಕದಲ್ಲೂ ನಾನು ಎಡವಿದ್ದೆ. ಮೊದಲನೇ ಪುಟದಲ್ಲೇ. ಆಗಲೇ ಗೊತ್ತಾಯ್ತು ನಿನಗೆ. ಆದ್ರೂ ಕಾಲ್ಬೆರಳು ಕುಣಿಸ್ದೆ. ಮೂರು ವರ್ಷ ಕುಣಿಸ್ದೆಯಲ್ಲೋ, ಈ ಮುದುಕಿ ಸಂತೋಷವಾಗಿರಲಿ ಅಂತ! ನಾನು ನಿನಗೋಸ್ಕರ ಓದ್ತಾ ಇದ್ದೆ, ನೀನು ನನಗೋಸ್ಕರ ಕೇಳ್ತಾ ಇದ್ದೆ. ಬಿಸ್ಕಿಟ್‌ನ ಕೊಲ್ಲದೇ ಇದ್ದಿದ್ರೆ ಇನ್ನೂ ಎಷ್ಟು ವರ್ಷ ಹೀಗೇ ನಡೀತಿತ್ತೋ.

ಹೂಂ. ವೆಸ್ ಡಿಲ್ಲರ್ಡ್ ಅನ್ನೋ ಹೆಸರು ನಮ್ಮದು, ನಿಮ್ಮ ಯಜಮಾನರದಲ್ಲ ಅಂದ್ಲು ಫೋನಿನ ಹುಡುಗಿ. ಮೆತ್ತಗೇ ಅಂದ್ಲು ಪಾಪ. ಬೇರೆ ಯಾರೋ ಬರೀತಾನಂತೆ ಇನ್ನು ಮೇಲೆ. ಅವನು ಯಾರೋ, ಎಲ್ಲಿಯೋನೋ... ಅವನಿಗೆ ಬಿಸ್ಕಿಟ್ ಅಂದ್ರೆ ಬರೀ ಒಂದು ಕುದುರೆ.

ಆವತ್ತು ನಿನ್ನ ಗುಟ್ಟನ್ನ ಬೀದಿಗೆಲ್ಲ ಬಯಲು ಮಾಡಿದ್ದು ಅದೇ. ಇವತ್ತು ನನ್ನ ಬಾಗಿಲಿಗೆ ಬಂದು ನಿಂತಿದೆ ನೋಡು. ಚಾವಟಿ ಅಲ್ಲಾಡಿಸಿದ್ರೂ ಕದಲ್ತಾ ಇಲ್ಲ.

ಪುಸ್ತಕ ಮುಚ್ಚಿಟ್ಟೆ. ಸದ್ದು ಕೇಳಿಸ್ತಲ್ಲ?

ಬೇಡ, ಅಮುಕಬೇಡ. ಒಂದೂ ಬೇಡ, ಎರಡೂ ಬೇಡ. ಹೀಗೇ ಹಿಡ್ಕೊಂಡಿರು.