ರಸ್ತೆಯ ಎರಡು ಬದಿ

ಆಸ್ಪತ್ರೆಯ ಔಷಧಿ ಸಾಲಿನಲ್ಲಿ ನನ್ನ ಮುಂದೆ ಗುರುತಿಲ್ಲದ ಇಬ್ಬರು ಹೆಂಗಸರು, ಅತ್ತಿಗೆ ಮತ್ತು ಅವಳ ನಾದಿನಿ, ನಿಂತಿದ್ದರು. ಅತ್ತಿಗೆಯ ಸೆರಗಿನಲ್ಲಿ ಹೊಲಿಗೆ ದಾರದ ಚೂರುಗಳಿದ್ದವು. ಇಬ್ಬರ ಮನೆಯೂ ಒಂದೇ ರಸ್ತೆಯಲ್ಲಿ, ಎದುರುಬದುರು ಎಂದು ಮಾತಿನಿಂದ ತಿಳಿಯಿತು.

“ಎಮ್ಮೆಲ್ಲೆ ಓಟು ಯಾರಿಗೆ ಅತ್ತಿಗೆ?”

“ಆ ವಕೀಲರಿಗೇ ಕಣೆ. ರಸ್ತೆ ಅಗಲ ಮಾಡೋವಾಗ ನಮ್ಮ ಬದಿ ಮುಟ್ಟಲ್ಲ ಅಂತ ಕೈ ಮುಗಿದು ಹೇಳಿದ್ರು.”

“ಮತ್ತೆ ಯಾವ ಬದಿ ಒಡೀತಾರಂತೆ?”

ಅತ್ತಿಗೆ ತಲೆ ತಗ್ಗಿಸಿದಳು. “ನಿಮ್ಮದು. ಹೇಗೆ ಹೇಳಲಿ ಅಂತ ಸುಮ್ಮನಿದ್ದೆ.”

“ಅಯ್ಯೋ! ನಮ್ಮನೆಗೆ ಬಂದಾಗ ನಿಮ್ಮ ಬದಿ ಅಂದ್ರು. ನಾನೂ ಅದಕ್ಕೇ ಬಾಯಿ ಬಿಡಲಿಲ್ಲ.”

ಇಬ್ಬರೂ ನಕ್ಕರು. ನಗು ಬೇಗ ನಿಂತಿತು.

“ಎದುರು ನಿಂತಿರೋ ಇನ್ನೊಬ್ಬರು, ಆ ಗುತ್ತಿಗೆದಾರರು?” ನಾದಿನಿ ಕೇಳಿದಳು.

“ಎರಡೂ ಬದಿ ಒಡೀತೀನಿ ಅಂತ ಮೈಕಲ್ಲೇ ಕೂಗ್ತಾರೆ. ಪುಣ್ಯಾತ್ಮ, ಸುಳ್ಳು ಮಾತ್ರ ಹೇಳಲ್ಲ!”

“ಏನ್ ಮಾಡ್ತೀರಾ ಅತ್ತಿಗೆ?”

“ಹೊಲಿಗೆ ಮಿಷನ್ ಎಲ್ಲಾದ್ರೂ ಇಟ್ಕೋಬಹುದು. ಹಾಸಿಗೆ ಹಿಡಿದಿರೋ ನಿಮ್ಮಣ್ಣನ್ನ ಎಲ್ಲಿ ಮಲಗಿಸಲಿ? ಇರೋದೇ ಆ ಮುಂದಿನ ಕೋಣೆ.”

“ಅಣ್ಣನಿಗೆ ಅಂತ ನಮ್ಮ ನಡುಮನೆ ಖಾಲಿ ಮಾಡಿಟ್ಟಿದ್ದೆ.”

“ನಾನು ನಿನಗೂ ಮಕ್ಕಳಿಗೂ ಅಟ್ಟ ಗುಡಿಸಿಟ್ಟಿದ್ದೆ ಕಣೆ.”

ಕಿಟಕಿಯವರು ಕರೆದರು. ಅತ್ತಿಗೆ ಔಷಧಿ ತೆಗೆದುಕೊಂಡಳು. ನಾದಿನಿ ಅವಳ ಕೈ ಹಿಡಿದಳು. ಇಬ್ಬರೂ ಬಾಗಿಲ ಕಡೆ ನಡೆದರು.