ಟಿರಾನಾದಲ್ಲಿ ಯಾರೂ ಗುರುತು ಹಿಡಿಯುವುದಿಲ್ಲವಂತೆ

ಸಭೆಯ ಅಧ್ಯಕ್ಷರೂ ನಮ್ಮೆಲ್ಲರ ಹಿರಿಯರೂ ಆದ ಪ್ರೆಂಗ್ ಮಾಮನವರೇ, ವೇದಿಕೆಯ ಮೇಲಿನ ಗಣ್ಯರೇ, ಲಂಡನ್ನಿಗೆ ಬಂದು ಇಷ್ಟು ವರ್ಷವಾದರೂ ಅಲ್ಬೇನಿಯದ ಕಾಫಿಗಾಗಿ ಹಿಂದಿನ ಸಾಲಿನಲ್ಲಿ ಹುಡುಕಾಡುತ್ತಿರುವ ಸಭಿಕರೇ,

ವಕೀಲೆಯಾದ ನನಗೆ ಸನ್ಮಾನ ಮಾಡಿದ್ದೀರಿ. ಫಲಕದ ಮೇಲೆ 'ವಿಜಯ' ಎಂದು ಕೆತ್ತಿಸಿದ್ದೀರಿ. ಯಾವ ವಿಜಯ ಮಾಮ? ನಾನು ಯಾರ ಪರ ವಾದಿಸಿದೆನೋ ಆ ಹುಡುಗನಿಗೆ ಈ ದೇಶದಲ್ಲಿ ಆಶ್ರಯ ಇನ್ನೂ ಸಿಕ್ಕಿಲ್ಲ. ನ್ಯಾಯಾಂಗ ಪರಿಶೀಲನೆಯಲ್ಲಿ ನ್ಯಾಯಾಧೀಶರು ಆಶ್ರಯ ಕೊಡುವುದಿಲ್ಲ. ಆಶ್ರಯ ನಿರಾಕರಿಸಿದ ಗೃಹ ಇಲಾಖೆಯ ತೀರ್ಮಾನ ತಪ್ಪು, ಹೊಸದಾಗಿ ಬರೆಯಿರಿ ಎನ್ನುತ್ತಾರೆ, ಅಷ್ಟೇ. ಬರೆಯುವವರು ಯಾರು? ಅದೇ ಇಲಾಖೆ. ಅದೇ ಮೇಜು. ಬಹುಶಃ ಅದೇ ಪೆನ್ನು.

ಮೊದಲು ಅವರು ಬರೆದದ್ದೇನು? ಹುಡುಗನ ಚಿಕ್ಕಪ್ಪ ಕಾಲುವೆ ನೀರಿನ ಜಗಳದಲ್ಲಿ ಒಬ್ಬನನ್ನು ಕೊಂದಿದ್ದಾನೆ, ಸತ್ತವನ ಮನೆಯವರು ಸೇಡಿಗೆ ಹುಡುಗನ ಮನೆಯ ಗಂಡಸೊಬ್ಬನ ಜೀವ ಕೇಳುತ್ತಿದ್ದಾರೆ, ಎಲ್ಲವನ್ನೂ ಒಪ್ಪಿದರು. ಆದರೆ ಹುಡುಗ ಅಲ್ಬೇನಿಯದ ರಾಜಧಾನಿ ಟಿರಾನಾಕ್ಕೆ ಹೋಗಿರಲಿ, ದೊಡ್ಡ ನಗರ, ಯಾರೂ ಗುರುತು ಹಿಡಿಯುವುದಿಲ್ಲ ಎಂದರು. ಮೇಲ್ಮನವಿಗೂ ಬಾಗಿಲು ಹಾಕಿದರು. ಯಾರೂ ಗುರುತು ಹಿಡಿಯುವುದಿಲ್ಲವಂತೆ! ನಗಬೇಡಿ, ನನಗೆ ಮೈ ಉರಿಯುತ್ತದೆ.

ಲಂಡನ್ನಿಗೆ ಬರುವ ಮೊದಲು ಅಲ್ಲಿಗೇ ಹೋಗಿದ್ದನಲ್ಲ! ಟಿರಾನಾದಲ್ಲಿ ಕಾರು ತೊಳೆಯುವ ಕೆಲಸಕ್ಕೆ ಸೇರಿದ್ದ. ಮನೆಯೊಡತಿ ಮೊದಲ ದಿನವೇ ಕಾಫಿ ತಂದಳು. "ಯಾರ ಪೈಕಿನಪ್ಪಾ ನೀನು?" ಏನೋ ಸುಳ್ಳು ಹೇಳಿದ. "ಆ ಊರಲ್ಲಿ ಆ ಮನೆತನ ಇಲ್ವಲ್ಲೋ! ಹೋಗ್ಲಿ, ನಿಮ್ಮಮ್ಮ ಯಾರ ಮನೆ ಮಗಳು?" ಮುದುಕಿ ಕಾಫಿ ಹಿಡಿದು ನಿಂತಿರುವಾಗ ಬಾಯಿ ಮುಚ್ಚಿಕೊಂಡಿರಲು ನಮ್ಮವರಲ್ಲಿ ಯಾರಿಗೆ ಸಾಧ್ಯ? ಹೇಳಿಬಿಟ್ಟ. ದೂರದ ನೆಂಟಸ್ತಿಕೆ ಸಿಕ್ಕಿತೆಂದು ಅವಳು ಅಪ್ಪಿಕೊಂಡಳು, ಬೀದಿಗೆಲ್ಲ ಸಾರಿದಳು. ಮೂರನೇ ವಾರ ಇಬ್ಬರು ಗಂಡಸರು ಫಳಫಳ ಹೊಳೆಯುವ ಕಾರನ್ನು ತೊಳೆಸಲು ಬಂದು, ಅವನ ಹೆಸರು ಹೇಳಿ ವಿಚಾರಿಸಿದರು. ಅವನು ಹಿಂಬಾಗಿಲಿನಿಂದ ಓಡಿದ.

ನ್ಯಾಯಾಲಯದಲ್ಲಿ ಇದನ್ನೇ ಎರಡು ಗಂಟೆ ವಾದಿಸಿದೆ. ನಮ್ಮ ಜನ ಈ ಪ್ರಶ್ನೆ ಕೇಳದೆ ಇರಲಾರರು, ಕೇಳಿದರೆ ಹೇಳದೆ ಇರಲಾರರು ಎಂದೆ. ನ್ಯಾಯಾಧೀಶರು ಒಪ್ಪಿದರು.

ಹೋದ ವಾರ ಪ್ರೆಂಗ್ ಮಾಮ ಫೋನ್ ಮಾಡಿದ್ದರು. ಸನ್ಮಾನದ ಮಾತೆಲ್ಲ ಮುಗಿದ ಮೇಲೆ, "ಅಲ್ಲಮ್ಮಾ ದ್ರಾನೆ, ಆ ಹುಡುಗ ಯಾರ ಪೈಕಿ?" ಎಂದರು.

ನಾನು ಹೇಳಿಬಿಟ್ಟೆ. ಅಪ್ಪನ ಹೆಸರು, ಊರು, ಅಮ್ಮನ ತವರು, ಎಲ್ಲ. ನನ್ನ ಮದುವೆಯಲ್ಲಿ ಕುಣಿದ ಹಿರಿಯರು ಕೇಳಿದರೆ ಹೇಗೆ ಇಲ್ಲವೆನ್ನಲಿ? ಇಪ್ಪತ್ತು ವರ್ಷದ ವಕೀಲಿಕೆಗೆ ಬೆಂಕಿ ಬೀಳಲಿ! ಮಾಮ ಈಗಷ್ಟೇ ಸ್ವಾಗತ ಭಾಷಣದಲ್ಲಿ ಅದನ್ನೆಲ್ಲ ಹೆಮ್ಮೆಯಿಂದ ಓದಿದರು. "ಎದ್ ನಿಲ್ಲು ಮಗಾ, ಎಲ್ರೂ ನೋಡ್ಲಿ" ಎಂದರು. ಹಿರಿಯರ ಮಾತೆಂದು ಅವನು ಎದ್ದು ನಿಂತ. ನೀವು ಚಪ್ಪಾಳೆ ತಟ್ಟಿದಿರಿ. ಕೆಲವರು ಫೋನಿನಲ್ಲಿ ಚಿತ್ರ ತೆಗೆದಿರಿ.

ಮೂರನೇ ಸಾಲಿನ ಆ ಕುರ್ಚಿ ನೋಡಿ. ನಾನು ಮಾತು ಶುರು ಮಾಡಿದಾಗ ಅವನು ಅಲ್ಲಿದ್ದ. ಈಗ ಕೋಟು ಮಾತ್ರ ಇದೆ.

ಆ ಚಿತ್ರಗಳನ್ನು ಅಳಿಸಿ, ಊರಿಗೆ ಕಳಿಸಬೇಡಿ. ಆಗಲೇ ಕಳಿಸಿದವರು ಯಾರಾದರೂ ಇದ್ದರೆ ನನ್ನ ಬಳಿ ಬಂದು ಹೇಳಿ, ನಾನು ಬೈಯುವುದಿಲ್ಲ. ಬೈಯುವ ಮುಖ ನನಗಿಲ್ಲ. ಫಲಕ ಇಲ್ಲೇ ಇರಲಿ ಮಾಮ. ನಾನು ಆ ಕೋಟು ಎತ್ತಿಕೊಂಡು ಅವನನ್ನು ಹುಡುಕಲು ಹೋಗಬೇಕು. ಹೊರಗೆ ಚಳಿಯಿದೆ. ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದ, ನಮಸ್ಕಾರ.