ಬೆಲ್ಕಾಸಿಮನ ಹುಬ್ಬು

ಹಲೋ... ಹಲೋ, ಯಾರು ಮಾತಾಡ್ತಿರೋದು?

...

ಹಾಂ, ಲಖ್ದರಾ? ನಾನು ಕಣೋ, ನಿನ್ನಕ್ಕ ಮೆಬಾರ್ಕಾ. ಬೂಸಾದಾದಲ್ಲಿ ನಮ್ಮನೆ ಫೋನು ಇನ್ಯಾರು ಎತ್ತುತ್ತಾರೆ? ಎಲ್ಲಿಂದ ಮಾಡ್ತಿದೀಯ, ಅಲ್ಜೀರ್ಸ್ ಮ್ಯೂಸಿಯಮ್ಮಿಂದಾನೇನಾ?

...

ಕಾವಲುಗಾರನ ಫೋನಾ? ಸರಿ, ಅವನು ಕಿತ್ಕೊಳ್ಳೋದ್ರೊಳಗೆ ಹೇಳು. ಅಮ್ಮ ಬೆಳಗಿಂದ ಅಡುಗೆಗೆ ಕುಸ್ಕುಸ್ ರವೆ ಉಜ್ಜೋದೂ ಬಿಟ್ಟು ಫೋನಿನ ಪಕ್ಕ ಕೂತಿದಾಳೆ. ಸಿಕ್ತಾ ಚಿತ್ರ? ಪ್ಯಾರಿಸ್ಸಿಂದ ಬಂದಿರೋದೇ ತಾನೆ? ನಮ್ಮೂರ ಸಂತೆ?

...

ಗೋಡೆಯಷ್ಟು ದೊಡ್ಡದಾ! ಚಿತ್ರಗಾರನ್ನ ಹೊಗಳೋದು ಆಮೇಲಾಗ್ಲಿ. ನಮ್ಮ ಬೆಲ್ಕಾಸಿಮಜ್ಜ ಇದಾನಾ ಅದರಲ್ಲಿ? ಹುಬ್ಬು ನೋಡಿದ್ಯಾ, ಎಡಗಡೆ ಹುಬ್ಬು? ಟಗರು ಹಾಯ್ದು ನಡುವೆ ಹರಿದುಹೋಗಿತ್ತು ಅಂತ ಅಜ್ಜಿ ಹೇಳ್ತಿದ್ದಳಲ್ಲ. ನಮ್ಮ ಹತ್ರ ಇರೋದು ಅದೊಂದೇ ಗುರುತು. ಅಮ್ಮ ತೊಟ್ಟಿಲಲ್ಲಿದ್ದಾಗ್ಲೇ ಹೋಗ್ಬಿಟ್ಟ, ಒಂದು ಫೋಟೋ ಕೂಡ ಇಲ್ಲ.

...

ಇದೆಯಾ! ಅಮ್ಮಾ, ನಿಮ್ಮಪ್ಪ ಇದಾನಂತೆ! ಹೂಂ, ಹುಬ್ಬಿನ ಸಮೇತ!... ಇರೋ, ಕಣ್ಣೊರೆಸ್ಕೋತಿದಾಳೆ. ಹಾಂ, ಈಗ ಹೇಳು. ಏನ್ಮಾಡ್ತಾ ಕೂತಿದಾನೆ?

...

ಅಜ್ಜ ಖಾಜಿಯಾ? ಜಮಖಾನದ ಮೇಲೆ, ರುಮಾಲು ಸುತ್ಕೊಂಡು? ಅದು ತಮ್ಮ ಮುತ್ತಾತ ಅಂತ ಬೆನ್ ತೂಹಾಮಿಯವರು ಊರೆಲ್ಲ ಹೇಳ್ಕೊಂಡು ತಿರುಗ್ತಾರಲ್ಲೋ!

...

ಏನು? ಕ್ಷೌರ ಮಾಡೋನಿಗೂ ಅದೇ ಹುಬ್ಬಾ?

...

ಮಾಡಿಸ್ಕೊಳ್ಳೋನಿಗೂ? ಹಾವಾಡಿಗನಿಗೂ? ಲಖ್ದರ್, ಬೆಳಗ್ಗೆ ಏನು ತಿಂದ್ಕೊಂಡು ಹೋದೆ ನೀನು?

...

ನೀರು ಹೊರೋ ಹೆಂಗಸಿಗೂ? ಅವಳಿಗೆ ಮುಸುಕಿಲ್ವೇನೋ?... ಇದೆ. ಮುಸುಕಿನ ಮೇಲ್ಗಡೆ ಹುಬ್ಬು. ಸರಿ. ತಡಿ, ಅಮ್ಮಂಗೆ ಹೇಳ್ತೀನಿ.

...

ನಗ್ತಿದಾಳೆ ಕಣೋ! ಚಿತ್ರಕ್ಕೆ ಬೇರೆ ಯಾರೂ ಕೂರೋಕೆ ಒಪ್ಪಿರಲಿಲ್ಲ ಅಂತಾಳೆ. ಆ ಫ್ರೆಂಚ್ ಚಿತ್ರಗಾರನ ಮುಂದೆ ಕೂರೋದು ಪಾಪ ಅಂತ ಖಾಜಿಯವರೇ ಸಂತೇಲಿ ನಿಂತು ಸಾರಿದ್ದರಂತೆ. ಆ ಚಳಿಗಾಲ ನಮ್ಮನೇಲಿ ಒಲೆ ಉರೀತಿರಲಿಲ್ಲ. ಅಜ್ಜ ಒಬ್ಬನೇ ಹೋಗಿ ಕೂತ, ಅವನು ಕೊಟ್ಟ ಒಂದೊಂದು ವೇಷದ ಬಟ್ಟೇನೂ ಹಾಕ್ಕೊಂಡು. ಆಮೇಲೆ ಸಾಯೋವರೆಗೂ ಮಸೀದೀಲಿ ಯಾರೂ ಅವನ ಪಕ್ಕ ನಿಲ್ಲಲಿಲ್ಲವಂತೆ.

...

ಯಾರು, ಆ ಖಾಜಿ ಮರಿಮಗ ಬೆನ್ ತೂಹಾಮಿನಾ? ಅವನೂ ಬಂದಿದಾನಾ? ಹೊಸ ಕೋಟು ಹಾಕ್ಕೊಂಡು?... ಅಳ್ತಿದಾನಾ? ನಮ್ಮಜ್ಜನ್ನ ನೋಡಿ?

...

ಬೇಡ, ಏನೂ ಹೇಳ್ಬೇಡ. ಅಮ್ಮನ್ನ ಕೇಳ್ತೀನಿ ಇರು... ಅಳಲಿ ಬಿಡು ಅಂತಾಳೆ. ಸಂತೆ ತುಂಬ ನಮ್ಮಪ್ಪ ಇದಾನೆ, ಖಾಜಿ ಒಬ್ಬನ್ನ ಅವರೇ ಇಟ್ಕೊಳ್ಳಲಿ ಅಂತೆ. ನಂಗಂತೂ ಹೊಟ್ಟೆ ಉರೀತಿದೆ.

...

ಹಾಂ, ಇನ್ನೊಂದು ಕೇಳ್ತಿದಾಳೆ. ಅವರೊಳಗೆ ಎಲ್ಲಾದ್ರೂ ಒಂದು ಕಡೆ ಅಪ್ಪ ನಗ್ತಿದಾನಾ ಅಂತ. ಹೋಗಿ ನೋಡ್ಕೊಂಡು ಬಾ. ಫೋನು ಇಡಬೇಡ!

...

ಹಲೋ? ಕಾವಲಿನವರಾ? ಸಲಾಂ ಅಣ್ಣಾ. ಇನ್ನೊಂದೇ ನಿಮಿಷ, ತಮ್ಮ ಬಂದ್ಬಿಡ್ತಾನೆ.

...

ಹೌದು, ನಮ್ಮಜ್ಜ.

...

ಇಲ್ಲ, ಚಿತ್ರದಲ್ಲಿರೋ ಎಲ್ಲರೂ.

...

ಬಂದ್ಯಾ? ಏನಾಯ್ತು?... ಒಬ್ಬನೇನಾ? ಯಾರು?

...

ಭಿಕ್ಷುಕನಾ. ಸರಿಯಾಗಿ ನೋಡಿದ್ಯೇನೋ? ಹಾವಾಡಿಗ ನಗ್ತಿಲ್ವಾ, ಒಂಚೂರೂ?... ಇದನ್ನ ಇವಳಿಗೆ ಹೇಗೆ ಹೇಳಲೋ! ಇರು. ಅಮ್ಮಾ, ಭಿಕ್ಷೆ ಬೇಡೋನು ನಗ್ತಿದಾನಂತೆ. ಮಸೀದಿ ಬಾಗಿಲಲ್ಲಿ, ಬಟ್ಟಲು ಹಿಡ್ಕೊಂಡು...

...

ಲಖ್ದರ್, ಅವನೇ ನನ್ನಪ್ಪ ಅಂತಿದಾಳೆ. ಉಳಿದವರನ್ನ ಯಾರು ಬೇಕಾದ್ರೂ ತಗೊಳ್ಳಲಿ, ಅವನ್ನ ಮಾತ್ರ ಯಾರಿಗೂ ಬಿಟ್ಟುಕೊಡಬೇಡ ಅಂತ ನಿಂಗೆ ಹೇಳಬೇಕಂತೆ.

...

ನೀನೂ ಅಳಬೇಡ್ವೋ, ಅಲ್ಲಿ ಆ ಕೋಟಿನವನು ನೋಡ್ತಾನೆ. ಇನ್ನೊಂದು ಕೇಳ್ತಿದಾಳೆ, ಬೈಬೇಡ. ಆ ಬಟ್ಟಲೊಳಗೆ ಏನಾದ್ರೂ ಇದೆಯಾ? ಏನಾದ್ರೂ ಹಾಕಿದಾನಾ ಆ ಚಿತ್ರಗಾರ? ಓಡಿಹೋಗಿ ನೋಡೋ...

...

ಹಲೋ? ನೋಡಿದ್ಯಾ? ಏನಿದೆ?... ಹಲೋ, ಲಖ್ದರ್? ಕಟ್ಟಾಯ್ತಾ? ಹಲೋ?

...

ಹಾಂ, ಅಮ್ಮಾ. ಇದೆಯಂತೆ. ಬಟ್ಟಲು ತುಂಬ ಖರ್ಜೂರ ಇದೆಯಂತೆ.